ಎಸ್ಪ್ರೆಸೊ ಯಂತ್ರಕ್ಕೆ ಮೊದಲು ಬೀಸುವ ಮಿಷನ್ನು

ನಮ್ಮ ಸಂಘದ ಮಾರಾಟ ಮಳಿಗೆಯಲ್ಲಿ ಒಂದು ಎಸ್ಪ್ರೆಸೊ ಯಂತ್ರ ಇಡಬೇಕೆಂಬ ಸಲಹೆ ಕಳೆದ ಸಭೆಯಲ್ಲಿ ಬಂದುದು ಸದಸ್ಯ ಬಾಂಧವರಿಗೆ ತಿಳಿದ ವಿಷಯ. ಸಲಹೆಗೆ ನನ್ನ ವಿರೋಧವಿಲ್ಲ. ನಾವು ಬೆಳೆದ ಕಾಫಿಯನ್ನು ನಮ್ಮ ಅಂಗಡಿಯಲ್ಲೇ ನಾಲ್ಕು ಜನ ಕುಡಿಯಲಿ ಎಂಬುದು ಒಳ್ಳೆಯ ಯೋಚನೆಯೇ. ಆದರೆ ಯಂತ್ರಕ್ಕೆಂದು ಲಕ್ಷದ ಮೇಲೆ ಹಣ ತೆಗೆದಿರಿಸುವ ಮಾತಾಡಿ, ಬೀಜ ಪುಡಿ ಮಾಡುವ ವಿಚಾರ ಬಂದಾಗ "ಅದಕ್ಕೇನು, ಒಂದು ಮಿಕ್ಸಿ ಸಾಕು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟದ್ದು ನನಗೆ ಸರಿ ಕಾಣಲಿಲ್ಲ. ಅಂದು ಎದ್ದು ನಿಂತು ಕಾರಣ ಹೇಳುವಷ್ಟು ತಿಳಿವಳಿಕೆ ನನಗೂ ಇರಲಿಲ್ಲ. ಅದಾದ ಮೇಲೆ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿ ಹದಿನೈದು ದಿನ ಇದ್ದು ಬಂದೆ. ಅಲ್ಲಿ ಕಂಡದ್ದನ್ನೂ, ನನಗಾದ ಒಂದು ಅವಮಾನವನ್ನೂ ಸದಸ್ಯರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಮಗಳ ಮನೆ ಇರುವುದು ಸರ್ವಜ್ಞನಗರ ಕ್ಷೇತ್ರದ ಕಮ್ಮನಹಳ್ಳಿಯಲ್ಲಿ. ಬಾಣಸವಾಡಿ, ಲಿಂಗರಾಜಪುರ, ಇತ್ತ ಹಲಸೂರು, ಇಂದಿರಾನಗರ ಎಲ್ಲ ಹತ್ತಿರ ಹತ್ತಿರ. ದಂಡಿನ ಪ್ರದೇಶವಾದುದರಿಂದ ಕನ್ನಡದ ಜೊತೆಗೆ ತಮಿಳು, ಉರ್ದು, ಮಲೆಯಾಳ, ಇಂಗ್ಲಿಷ್ ಎಲ್ಲ ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಕಾಫಿಯ ವಿಷಯದಲ್ಲಿಯೂ ಹಾಗೆಯೇ. ಬೀದಿಯ ಒಂದು ತುದಿಯಲ್ಲಿ ಹಳೆಯ ಪುಡಿ ಅಂಗಡಿ, ಕಣ್ಣೆದುರೇ ಬೀಜ ಹಾಕಿ ಪುಡಿ ಮಾಡಿ "ಚಿಕೋರಿ ಎಷ್ಟು ಹಾಕಲಿ ಸ್ವಾಮಿ?" ಎಂದು ಕೇಳುತ್ತಾನೆ. ಇನ್ನೊಂದು ತುದಿಯಲ್ಲಿ ಹೊಸ ಕಾಲದ ಕಾಫಿ ಅಂಗಡಿ; ಅಲ್ಲಿ ಪೊಟ್ಟಣದ ಮೇಲೆ ತೋಟದ ಹೆಸರು, ತಳಿಯ ಹೆಸರು, ಹುರಿದ ತಾರೀಕು ಎಲ್ಲ ಅಚ್ಚು ಹಾಕಿ, ಪುಡಿಗಿಂತ ಇಡೀ ಬೀಜವನ್ನೇ ಹೆಚ್ಚಾಗಿ ಮಾರುತ್ತಾರೆ. ಅದನ್ನು ಕೊಳ್ಳುವವರು ಹೆಚ್ಚಾಗಿ ನಮ್ಮ ಮಕ್ಕಳ ವಯಸ್ಸಿನವರು. ಮನೆಯಲ್ಲಿಯೇ ಬೀಸಿಕೊಳ್ಳುತ್ತಾರೆ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಎಸ್ಪ್ರೆಸೊ ಕಾಫಿ ಹೊರಗೆ ಹೋಗಿ ಕುಡಿಯುವ ಶೋಕಿಯಾಗಿತ್ತು. ಈಗ ಅದು ಅಡಿಗೆಮನೆಯ ಕಟ್ಟೆಯ ಮೇಲೆ ಬಂದು ಕುಳಿತಿದೆ.

ನನ್ನ ಅಳಿಯಂದಿರೂ ಅಂಥವರೇ. ಅವರ ಅಡಿಗೆಮನೆಯಲ್ಲಿ ಸಣ್ಣದೊಂದು ಎಸ್ಪ್ರೆಸೊ ಯಂತ್ರ, ಅದರ ಪಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರದ ಬೀಸುವ ಮಿಷನ್ನು. (ಗ್ರೈಂಡರ್ ಎನ್ನುವುದು ರೂಢಿಯ ಮಾತು; ಆದರೆ ನಮ್ಮ ಮನೆಗಳಲ್ಲಿ ಗ್ರೈಂಡರ್ ಎಂದರೆ ದೋಸೆ ಹಿಟ್ಟಿನದು, ಆದ್ದರಿಂದ ನಾನು ಮಿಷನ್ನು ಎಂದೇ ಬರೆಯುತ್ತೇನೆ.) ಹೋಗುವಾಗ ನಾನು ನಮ್ಮ ತೋಟದ ಅರೇಬಿಕಾ ಚೆರ್ರಿಯನ್ನು ಊರಿನ ಹಲ್ಲರಿನಲ್ಲಿ ಸಿಪ್ಪೆ ತೆಗೆಸಿ, ಮನೆಯಲ್ಲೇ ಬಾಣಲೆಯಲ್ಲಿ ಹುರಿದು, ಎರಡು ಕಿಲೋ ಕಟ್ಟಿಕೊಂಡು ಹೋಗಿದ್ದೆ. ಮಾರನೆಯ ಬೆಳಿಗ್ಗೆ ಅಳಿಯಂದಿರು "ಮಾವ, ಇವತ್ತು ನಿಮ್ಮ ಕಾಫಿಯನ್ನೇ ಹಾಕೋಣ" ಎಂದು ಸಂತೋಷದಿಂದ ತೂಕ ಮಾಡಿ 18 ಗ್ರಾಂ ಬೀಜ ಸುರಿದರು. ಮಿಷನ್ನು ಎರಡು ಸೆಕೆಂಡು ತಿರುಗಿತು. ಟಕ್ಕೆಂದು ಶಬ್ದವಾಯಿತು, ನಿಂತೇ ಹೋಯಿತು.

ಬಿಚ್ಚಿ ನೋಡಿದರೆ ಹಲ್ಲುಗಳ ನಡುವೆ ಒಂದು ಬೆಣಚುಕಲ್ಲಿನ ಚೂರು. ಬೀಜದ ಜೊತೆಗೆ ತಾನೂ ಹುರಿದು ಬೀಜದ ಬಣ್ಣವೇ ಬಂದಿತ್ತು. ಉಕ್ಕಿನ ಹಲ್ಲು ಎರಡು ಕಡೆ ಮುಕ್ಕಾಗಿತ್ತು. ಅಳಿಯಂದಿರು ಏನೂ ಅನ್ನಲಿಲ್ಲ, ಮರ್ಯಾದಸ್ಥರು. ಮಗಳು ಮಾತ್ರ ಕಲ್ಲನ್ನು ಅಂಗೈಯಲ್ಲಿಟ್ಟು ನೋಡಿ "ಅಪ್ಪಯ್ಯ, ಇದು ನಮ್ಮ ಕಣದ್ದೇ" ಎಂದಳು. ಹೌದು, ನಮ್ಮ ಕಣದ್ದೇ. ಸಿಮೆಂಟು ಎದ್ದುಹೋದ ಮೂಲೆಯನ್ನು ಮೂರು ವರ್ಷದಿಂದ "ಬರುವ ವರ್ಷ ಮಾಡಿಸೋಣ" ಎನ್ನುತ್ತಲೇ ಬಂದವನು ನಾನು. ಹೊಸ ಹಲ್ಲುಜೋಡಿಗೆ ಮೂರೂವರೆ ಸಾವಿರ ರೂಪಾಯಿ ಬಿತ್ತು.

ಈ ಪ್ರಕರಣವಾದ ಮೇಲೆಯೇ ನಾನು ಬೀಸುವ ಮಿಷನ್ನಿನ ವಿಷಯವನ್ನು ಕೇಳಿ, ನೋಡಿ, ಬಿಚ್ಚಿ ತಿಳಿದುಕೊಂಡದ್ದು.

ಮೊದಲನೆಯದಾಗಿ ಎಸ್ಪ್ರೆಸೊ ಎಂದರೇನು ಎಂಬುದನ್ನು ನೋಡೋಣ. ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದ ತಾನೇ ಇಳಿಯುತ್ತದೆ. ಪುಡಿ ಸ್ವಲ್ಪ ದಪ್ಪವಾದರೂ, ಸ್ವಲ್ಪ ನುಣ್ಣಗಾದರೂ ಡಿಕಾಕ್ಷನ್ ಹೇಗೋ ಬರುತ್ತದೆ. ಮೇಲಾಗಿ ಹಾಲು ಸಕ್ಕರೆ ತಪ್ಪನ್ನು ಮುಚ್ಚುತ್ತವೆ. ಎಸ್ಪ್ರೆಸೊದಲ್ಲಿ ಹಾಗಿಲ್ಲ. ಇಟಲಿಯ ಟ್ಯೂರಿನ್ ನಗರದಲ್ಲಿ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯಿಂದ ನಡೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ; 1901ರಲ್ಲಿ ಮಿಲಾನಿನ ಬೆಜ್ಜೇರ ಅದನ್ನು ಸುಧಾರಿಸಿದ; ಎರಡನೆಯ ಮಹಾಯುದ್ಧ ಮುಗಿದ ಮೇಲೆ ಗಾಜ್ಜಿಯ ಎಂಬಾತನ ಸನ್ನೆ ಹಿಡಿಯ ಯಂತ್ರದಿಂದ ಮೇಲೆ ಹೊಂಬಣ್ಣದ ನೊರೆ ಕಟ್ಟುವ ಕಾಫಿ ರೂಢಿಗೆ ಬಂತು. ಈಗಿನ ಯಂತ್ರಗಳು ಬಿಸಿನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ, ಎಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಒಂಬತ್ತು ಪಟ್ಟು ಬಲದಲ್ಲಿ, ಪುಡಿಯ ಮೂಲಕ ನುಗ್ಗಿಸುತ್ತವೆ. 18 ಗ್ರಾಂ ಪುಡಿಯಿಂದ 36 ಗ್ರಾಂ ಆಸುಪಾಸು ಕಾಫಿ 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕೆಂಬುದು ಸಾಮಾನ್ಯ ಅಳತೆ.

ಆ ನೀರನ್ನು ತಡೆದು ನಿಲ್ಲಿಸುವುದು ಯಾವುದು? ಪುಡಿಯೊಂದೇ. ಪುಡಿ ದಪ್ಪವಾದರೆ ನೀರು ಹತ್ತೇ ಸೆಕೆಂಡಿನಲ್ಲಿ ಹಳ್ಳ ಹರಿದ ಹಾಗೆ ಹರಿದುಹೋಗಿ ಹುಳಿಹುಳಿ ತೆಳು ಕಾಫಿ ಬರುತ್ತದೆ. ಬಹಳ ನುಣ್ಣಗಾದರೆ ಯಂತ್ರ ಮುಲುಕಿ ಮುಲುಕಿ ಹನಿ ಹನಿಯಾಗಿ ಕಹಿಯನ್ನು ಇಳಿಸುತ್ತದೆ. ಪುಡಿಯಲ್ಲಿ ದಪ್ಪವೂ ನುಣುಪೂ ಬೆರೆತಿದ್ದರೆ ಒಂದೇ ಬಟ್ಟಲಿನಲ್ಲಿ ಹುಳಿಯೂ ಇರುತ್ತದೆ, ಕಹಿಯೂ ಇರುತ್ತದೆ. ಲಕ್ಷ ರೂಪಾಯಿಯ ಯಂತ್ರವಿದ್ದರೂ ಇದನ್ನು ಸರಿಪಡಿಸಲಾರದು.

ಮಿಕ್ಸಿ ಏಕೆ ಆಗದು ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆ. ಮಿಕ್ಸಿಯ ಅಲಗು ಬೀಜವನ್ನು ಬೀಸುವುದಿಲ್ಲ, ಚಚ್ಚುತ್ತದೆ. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಿತವಾದ ಅಡಕತ್ತರಿಯಲ್ಲಿ ಹೋಳು ಹೋಳಾಗಿ ಬೀಳುವ ಅಡಿಕೆ, ಗುಂಡುಕಲ್ಲಿನಲ್ಲಿ ಜಜ್ಜಿದರೆ ಅರ್ಧ ಹುಡಿ, ಅರ್ಧ ಗಟ್ಟಿಯಾಗಿ ಚೆಲ್ಲಾಪಿಲ್ಲಿಯಾಗುವುದಿಲ್ಲವೆ? ಸರಿಯಾದ ಕಾಫಿ ಮಿಷನ್ನು ನಮ್ಮ ಅಜ್ಜಿಯರ ರಾಗಿ ಬೀಸುವ ಕಲ್ಲೇ ಸರಿ. ಮೇಲೊಂದು ಕೆಳಗೊಂದು ಕಲ್ಲಿನ ಬದಲು ಹಲ್ಲು ಕೊರೆದ ಎರಡು ಉಕ್ಕಿನ ಬಿಲ್ಲೆಗಳು, ಅಥವಾ ಒಂದು ಶಂಕುವೂ ಅದರ ಸುತ್ತ ಒಂದು ಬಳೆಯೂ ಇರುತ್ತವೆ. ಇವಕ್ಕೆ ಅಂಗಡಿಯವರು ಬರ್ ಎನ್ನುತ್ತಾರೆ. ಎರಡರ ನಡುವಿನ ಸಂದು ಎಷ್ಟೋ ಪುಡಿಯ ಗಾತ್ರವೂ ಅಷ್ಟೇ. ಆ ಸಂದನ್ನು ದಾಟದೆ ಯಾವ ಚೂರೂ ಹೊರಗೆ ಬರುವಂತಿಲ್ಲ. ಬಿಲ್ಲೆಯದು ಮೇಲೋ ಶಂಕುವಿನದು ಮೇಲೋ ಎಂದು ಪಟ್ಟಣದ ಹುಡುಗರು ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ನಮ್ಮಂಥವರು ಅದರಲ್ಲಿ ತಲೆ ಹಾಕದಿದ್ದರೂ ನಷ್ಟವಿಲ್ಲ.

ನೋಡಬೇಕಾದದ್ದು ಬೇರೆ. ಸಂದನ್ನು ಎಷ್ಟು ಸೂಕ್ಷ್ಮವಾಗಿ ಹೊಂದಿಸಬಹುದು? ಹೊಂದಿಸಿದ ಮೇಲೆ ಅದು ಅಲ್ಲಾಡದೆ ನಿಲ್ಲುತ್ತದೆಯೆ? ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಳ್ಳಿ. ಫಿಲ್ಟರಿಗೆ ಸಾಕಾಗುವ ಕೈ ಮಿಷನ್ನುಗಳಲ್ಲಿ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ ಸಂದು 30 ಮೈಕ್ರಾನಿನಷ್ಟು ಬದಲಾಗುವುದುಂಟು. ಎಸ್ಪ್ರೆಸೊಗೆ ಅದು ದೊಡ್ಡ ನೆಗೆತ: ಒಂದು ಕ್ಲಿಕ್ಕಿನಲ್ಲಿ ಹಳ್ಳ ಹರಿಯುತ್ತದೆ, ಮುಂದಿನ ಕ್ಲಿಕ್ಕಿನಲ್ಲಿ ಕಟ್ಟಿಕೊಳ್ಳುತ್ತದೆ, ನಮಗೆ ಬೇಕಾದದ್ದು ಎರಡರ ನಡುವೆ ಎಲ್ಲೋ ಉಳಿದುಹೋಗುತ್ತದೆ. ಎಸ್ಪ್ರೆಸೊಗೆಂದೇ ಮಾಡಿದವುಗಳಲ್ಲಿ ಒಂದು ಕ್ಲಿಕ್ಕಿಗೆ 8ರಿಂದ 16 ಮೈಕ್ರಾನ್ ಇರುತ್ತದೆ. ಕೆಲವು ವಿದ್ಯುತ್ ಮಿಷನ್ನುಗಳಲ್ಲಿ ಕ್ಲಿಕ್ಕೇ ಇಲ್ಲದೆ ರೇಡಿಯೋ ಗುಬಟಿನಂತೆ ಬೇಕಾದಲ್ಲಿ ನಿಲ್ಲಿಸಬಹುದು. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಮೋಟಾರಿನ ಶಕ್ತಿ, ಹೊರಗಿನ ಹೊಳಪು, ಡಬ್ಬಿಯ ಮೇಲಿನ ಚಿತ್ರ ಎಲ್ಲ ಆಮೇಲೆ.

ಹಳೆಯದೊಂದನ್ನು ನೆನೆಯದೆ ಇರಲಾರೆ. ನನ್ನ ತಾಯಿಯ ಕಾಲದಲ್ಲಿ ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿಯುವ ಎರಕದ ಕಬ್ಬಿಣದ ಕಾಫಿ ಮಿಷನ್ನು ಅನೇಕ ಮನೆಗಳಲ್ಲಿತ್ತು. ಬೆಳಿಗ್ಗೆ ಬೀಜ ಹುರಿದು ಅದರಲ್ಲಿ ಪುಡಿ ಮಾಡುವ ಕೆಲಸ ಮಕ್ಕಳದು. ಹಿಡಿ ತಿರುಗಿಸುವ ಸರದಿಗೆ ನಾವು ಅಣ್ಣತಮ್ಮಂದಿರು ಜಗಳವಾಡಿದ್ದುಂಟು. ಶಿವಾಜಿನಗರದ ಗುಜರಿಯಲ್ಲಿ ಅಂಥದೇ ಒಂದನ್ನು ಕಂಡು ಆಸೆಯಿಂದ ಎಂಟುನೂರು ರೂಪಾಯಿ ಕೊಟ್ಟು ತಂದೆ. ಫಿಲ್ಟರ್ ಕಾಫಿಗೆ ಈಗಲೂ ಲಾಯಕ್ಕಾಗಿದೆ. ಎಸ್ಪ್ರೆಸೊಗೆ ಬಾರದು. ನಡುವಿನ ಕಡ್ಡಿ ಸವೆದು ಅತ್ತಿತ್ತ ಆಡುತ್ತದೆ, ಒಂದು ಬದಿಯಲ್ಲಿ ಸಂದು ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ. ಇಷ್ಟು ದಿನ ಇದನ್ನು ನಾನು ಗಮನಿಸಿರಲೇ ಇಲ್ಲ.

ಪುಡಿ ಅಂಗಡಿಯಲ್ಲಿಯೇ ಬೀಸಿಸಿ ತಂದರೆ ಆಗದೆ ಎಂದು ಕೇಳುವವರಿದ್ದಾರೆ. ಕಮ್ಮನಹಳ್ಳಿಯ ಅಂಗಡಿಯವನನ್ನೇ ಕೇಳಿದೆ. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಬಾರಿ ಸಂದು ಹೊಂದಿಸುತ್ತ ಕೂತರೆ ತನ್ನ ವ್ಯಾಪಾರ ನಡೆಯುವುದಿಲ್ಲ ಎಂದ. ಅವನ ಮಾತು ನ್ಯಾಯವಾದದ್ದೇ. ಅಲ್ಲದೆ ಚಿಕೋರಿ ಬೆರೆತ ಪುಡಿ ಎಸ್ಪ್ರೆಸೊ ಯಂತ್ರಕ್ಕೆ ಹೊಂದದು. ಒತ್ತಡಕ್ಕೆ ಸಿಕ್ಕಿ ಅಂಟಾಗಿ ಕಟ್ಟಿಕೊಳ್ಳುತ್ತದೆ. ಫಿಲ್ಟರಿನಲ್ಲಿ ನೀರನ್ನು ತಡೆದು ಡಿಕಾಕ್ಷನ್ನನ್ನು ಮಂದ ಮಾಡುವ ಚಿಕೋರಿಯ ಗುಣವೇ ಇಲ್ಲಿ ದೋಷವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಪುಡಿಯಾದ ಗಳಿಗೆಯಿಂದ ಘಮ ಹಾರತೊಡಗುತ್ತದೆ. ಇಡೀ ಬೀಜ ವಾರಗಟ್ಟಲೆ ಹಿಡಿದಿಟ್ಟುಕೊಳ್ಳುವುದನ್ನು ಪುಡಿ ಒಂದೆರಡು ದಿನವೂ ಹಿಡಿದಿಟ್ಟುಕೊಳ್ಳಲಾರದು.

ಇನ್ನು ಬೆಲೆಯ ಮಾತು. ಅಂಗಡಿಗಳಲ್ಲಿ ವಿಚಾರಿಸಿದಂತೆ, ಪಿಂಗಾಣಿ ಹಲ್ಲಿನ ಸಣ್ಣ ಕೈ ಮಿಷನ್ನು ಒಂದೂವರೆ-ಎರಡು ಸಾವಿರಕ್ಕೆ ಸಿಗುತ್ತದೆ. ಅದು ಎಸ್ಪ್ರೆಸೊಗೆ ಆಗುವುದಿಲ್ಲ, ಹಣ ದಂಡ. ಉಕ್ಕಿನ ಹಲ್ಲಿನ, ಸೂಕ್ಷ್ಮವಾಗಿ ಹೊಂದಿಸಬಹುದಾದ ಕೈ ಮಿಷನ್ನು ಎಂಟು-ಹತ್ತು ಸಾವಿರದಿಂದ ಮೇಲಕ್ಕೆ. ಹೆಚ್ಚಿನವು ಚೀನ, ತೈವಾನಿನಿಂದ ಬಂದವು. ಅಷ್ಟೇ ಗುಣದ ವಿದ್ಯುತ್ ಮಿಷನ್ನಿಗೆ ಇಪ್ಪತ್ತೈದು ಸಾವಿರದ ಮೇಲೆ. ಅಮೆರಿಕದ ಬರಾಟ್ಜಾ, ಇಟಲಿಯ ಯುರೇಕಾ ಮೊದಲಾದ ಹೆಸರುಗಳು ಅಲ್ಲಿ ಕೇಳಿಬರುತ್ತವೆ. ಮನೆಯಲ್ಲಿ ದಿನಕ್ಕೆ ಎರಡು ಮೂರು ಬಟ್ಟಲು ಕುಡಿಯುವ ನಮ್ಮಂಥವರಿಗೆ ಕೈ ಮಿಷನ್ನೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. 18 ಗ್ರಾಂ ಬೀಸಲು ಒಂದು ನಿಮಿಷ. ಬೀಜ ಎಳೆ ಹುರಿಯದ್ದಾದರೆ ಗಟ್ಟಿ, ಇನ್ನಷ್ಟು ಹೊತ್ತು, ತೋಳಿಗೆ ಒಳ್ಳೆಯ ಕಸರತ್ತು. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದ ನಮ್ಮ ಊರುಗಳಿಗೆ ಇದಕ್ಕಿಂತ ಬೇರೆ ಕಾರಣ ಬೇಕೆ? ಸಂಘದ ಮಳಿಗೆಗೆ ಮಾತ್ರ ವಿದ್ಯುತ್ತಿನದೇ ಬೇಕು. ದಿನಕ್ಕೆ ಐವತ್ತು ಬಟ್ಟಲನ್ನು ಕೈಯಲ್ಲಿ ಬೀಸುವ ನೌಕರ ನಮ್ಮಲ್ಲಿ ಒಂದು ವಾರವೂ ನಿಲ್ಲುವುದಿಲ್ಲ.

ಒಂದು ಸಣ್ಣ ಉಪಾಯವನ್ನೂ ಅಳಿಯಂದಿರಿಂದ ಕಲಿತೆ. ಬೀಸುವಾಗ ಪುಡಿ ವಿದ್ಯುದಾವೇಶಗೊಂಡು ಗೋಡೆಗೆಲ್ಲ ಅಂಟಿ ಹಾರುತ್ತದೆ. ಬೀಜದ ಮೇಲೆ ಒಂದೆರಡು ಹನಿ ನೀರು ಚಿಮುಕಿಸಿ ಕಲಸಿ ಹಾಕಿದರೆ ಹಾರುವುದಿಲ್ಲ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2023ರಲ್ಲಿ ಪ್ರಬಂಧವನ್ನೇ ಪ್ರಕಟಿಸಿದ್ದಾರಂತೆ. ಒಂದೆರಡು ಹನಿ ಎಂದರೆ ಒಂದೆರಡೇ ಹನಿ; ತೊಳೆಯಬೇಡಿ.

ಇಷ್ಟೆಲ್ಲ ಪಟ್ಟಣದವರ ಚಟ, ನಮಗೇಕೆ ಎಂದು ಹಿರಿಯ ಸದಸ್ಯರು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದವನು. ಆದರೆ ಸ್ವಲ್ಪ ಹಿಂದಿನದನ್ನು ನೆನಪಿಗೆ ತಂದುಕೊಳ್ಳೋಣ. 1942ರ ಕಾಫಿ ಕಾಯಿದೆಯ ಕಾಲದಿಂದ 1990ರ ದಶಕದವರೆಗೆ ನಮ್ಮ ಬೆಳೆಯೆಲ್ಲ ಮಂಡಳಿಯ ಪೂಲಿಗೆ ಹೋಗುತ್ತಿತ್ತು. ಯಾರ ಬೆಳೆ ಯಾರದೆಂಬ ಗುರುತಿಲ್ಲದೆ ದರ್ಜೆಯ ಪ್ರಕಾರ ಬೆರೆತು, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಬರುತ್ತಿತ್ತು. ಸಣ್ಣವರಿಗೆ ಅದರಿಂದ ರಕ್ಷಣೆಯೂ ಇತ್ತು, ಇಲ್ಲವೆನ್ನಲಾರೆ. 1996ರಿಂದ ಪೂರ್ತಿ ಮುಕ್ತ ಮಾರಾಟ ಬಂತು. ಬಂದರೂ ನಾವು ಮಾಡಿದ್ದೇನು? ಕಣದಿಂದ ಚೆರ್ರಿ ಮೂಟೆ ಕಟ್ಟಿ ವ್ಯಾಪಾರಿಯ ಬಾಗಿಲಿಗೆ ಇಳಿಸಿದೆವು. ಆತ ಔಟ್‌ಟರ್ನ್ ನೋಡುತ್ತಾನೆ, ತೇವಾಂಶ ನೋಡುತ್ತಾನೆ, ತೂಕ ಹಾಕುತ್ತಾನೆ. ರುಚಿ ನೋಡುವುದಿಲ್ಲ. ನಾವೂ ನೋಡಿಲ್ಲ. ನಲವತ್ತು ವರ್ಷ ಕಾಫಿ ಬೆಳೆದ ನಾನು, ಅಂಗಡಿಯಿಂದ ತಂದ ಚಿಕೋರಿ ಬೆರಕೆಯ ಪುಡಿಯನ್ನೇ ಕುಡಿದುಕೊಂಡು ಬಂದೆ. ನಮ್ಮಲ್ಲಿ ಬಹಳ ಮನೆಗಳ ಕಥೆ ಇದೇ.

ಭಾರತದ ಕಾಫಿಯಲ್ಲಿ ಬಹುಪಾಲು ಪರದೇಶಕ್ಕೆ ಹೋಗುತ್ತದೆ, ಅದರಲ್ಲಿ ಇಟಲಿಯೇ ದೊಡ್ಡ ಗಿರಾಕಿ. ಅಲ್ಲಿಯವರು ನಮ್ಮ ರೊಬಸ್ಟಾವನ್ನು ಎಸ್ಪ್ರೆಸೊ ಮಿಶ್ರಣಕ್ಕೆ ಹಾಕುವುದು ಮೈಕಟ್ಟಿಗೂ ಮೇಲಿನ ನೊರೆಗೂ. ನಾವು "ರೊಬಸ್ಟಾ ತಾನೆ" ಎಂದು ನೆಲದ ಮೇಲೆ ಹರಡುವ ಬೀಜ ಅಲ್ಲಿ ಮೇಜಿನ ಮೇಲೆ ಹೋಗಿ ಕೂರುತ್ತದೆ. 2023ರ ಸೆಪ್ಟೆಂಬರಿನಲ್ಲಿ ವಿಶ್ವ ಕಾಫಿ ಸಮ್ಮೇಳನ ಬೆಂಗಳೂರು ಅರಮನೆಯ ಆವರಣದಲ್ಲಿಯೇ ನಡೆದಾಗ ದೇಶವಿದೇಶದವರು ಬಂದು ರುಚಿ ನೋಡಿ ಹೋದರು.

ಹಲ್ಲು ಬದಲಾಯಿಸಿದ ಮೇಲೆ ಅಳಿಯಂದಿರು ನನ್ನ ಬೀಜವನ್ನು ತಟ್ಟೆಯಲ್ಲಿ ಹರಡಿ, ಒಂದೊಂದಾಗಿ ಆರಿಸಿ, ಮತ್ತೆ ಬೀಸಿ ಎಸ್ಪ್ರೆಸೊ ಇಳಿಸಿದರು. ಹಾಲಿಲ್ಲ, ಸಕ್ಕರೆಯಿಲ್ಲ. ಕುಡಿದೆ. ಮೊದಲು ನಾಲಿಗೆಗೆ ಬಂದದ್ದು ಒಳ್ಳೆಯದೇ, ಬೆಲ್ಲದಂಥ ಒಂದು ಸವಿ. ಅದರ ಹಿಂದೆಯೇ ಮಣ್ಣಿನ, ಮುಗ್ಗಲಿನ ವಾಸನೆ. ಜನವರಿಯಲ್ಲಿ ಅಕಾಲ ಮಳೆ ಬಂದಾಗ ರಾಶಿ ಮಾಡಿ ಟಾರ್ಪಾಲು ಮುಚ್ಚಿ ಎರಡು ದಿನ ಹಾಗೆಯೇ ಬಿಟ್ಟಿದ್ದೆ. ಔಟ್‌ಟರ್ನಿನಲ್ಲಿ ಅದು ಕಾಣಿಸಿರಲಿಲ್ಲ, ತೇವಾಂಶದ ಮೀಟರಿನಲ್ಲಿ ಕಾಣಿಸಿರಲಿಲ್ಲ. ಪಕ್ಕದಲ್ಲೇ ಇಂದಿರಾನಗರದಿಂದ ತಂದ ಒಂದು ಪೊಟ್ಟಣದ ಕಾಫಿಯನ್ನೂ ಇಳಿಸಿ ಕೊಟ್ಟರು. ಅದೂ ನಮ್ಮದೇ ಚಿಕ್ಕಮಗಳೂರು ಜಿಲ್ಲೆಯದು. ಅದರಲ್ಲಿ ಆ ವಾಸನೆ ಇರಲಿಲ್ಲ. ಪೊಟ್ಟಣದ ಬೆಲೆಯನ್ನು ಕಿಲೋ ಲೆಕ್ಕಕ್ಕೆ ತಂದು ನೋಡಿ ನಾನು ಸುಮ್ಮನೆ ಕುಳಿತೆ.

ಇದೇ ಕಾಫಿಗೆ ಹಾಲು ಹಾಕಿ ಫಿಲ್ಟರಿನಲ್ಲಿ ಕೊಟ್ಟಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಮಿಕ್ಸಿಯಲ್ಲಿ ಚಚ್ಚಿ ಎಸ್ಪ್ರೆಸೊ ಮಾಡಿದ್ದರೂ ಹುಳಿ ಕಹಿಗಳ ಗಲಾಟೆಯಲ್ಲಿ ಮುಗ್ಗಲು ಮುಚ್ಚಿಹೋಗಿ "ಎಸ್ಪ್ರೆಸೊ ಎಂದರೆ ಹೀಗೇ ಇರುತ್ತದೆ" ಎಂದುಕೊಂಡು ಎದ್ದು ಬರುತ್ತಿದ್ದೆ. ಸಂಘದ ಮಳಿಗೆಯಲ್ಲಿ ಮಿಕ್ಸಿ ಇಟ್ಟರೆ ಆಗುವುದೂ ಇದೇ. ಬಂದ ಗಿರಾಕಿ ನಮ್ಮ ಕಾಫಿಯೇ ಕೆಟ್ಟದ್ದು ಎಂದು ತಿಳಿದು ಹೋಗುತ್ತಾನೆ, ತಪ್ಪು ಪುಡಿಯದೋ ಬೀಜದ್ದೋ ನಮಗೂ ತಿಳಿಯುವುದಿಲ್ಲ.

ಇನ್ನೊಂದು ಮಾತು. ಮಿಷನ್ನು ಇಟ್ಟುಕೊಂಡ ಪಟ್ಟಣದ ಮನೆಗಳಿಗೆ ನಾವು ನೇರವಾಗಿ ಬೀಜ ಮಾರಬೇಕೆಂದಿದ್ದರೆ ಒಂದು ಕಲ್ಲೂ ಇರಕೂಡದು. ದೊಡ್ಡ ಕ್ಯೂರಿಂಗ್ ವರ್ಕ್ಸುಗಳಲ್ಲಿ ಕಲ್ಲು ಬೇರ್ಪಡಿಸುವ ಯಂತ್ರವಿರುತ್ತದೆ. ಊರ ಹಲ್ಲರಿನಲ್ಲಿ ಇರುವುದಿಲ್ಲ. ಪುಡಿ ಅಂಗಡಿಯ ಮಿಷನ್ನಿಗೆ ಕಲ್ಲು ಸಿಕ್ಕರೆ ಅಂಗಡಿಯವನು ಬೈದುಕೊಂಡು ಸುಮ್ಮನಾಗುತ್ತಾನೆ. ಹತ್ತು ಸಾವಿರ ಕೊಟ್ಟು ಕೊಂಡ ಮನೆಯ ಮಿಷನ್ನಿಗೆ ಸಿಕ್ಕರೆ ಆ ಮನೆಯವರು ಮತ್ತೆ ಈ ಜನ್ಮದಲ್ಲಿ ನಮ್ಮ ಬೀಜ ಕೊಳ್ಳುವುದಿಲ್ಲ. ನನ್ನದು ಮಗಳ ಮನೆಯಾದ್ದರಿಂದ ಊಟ ಹಾಕಿ ಕಳುಹಿಸಿದರು.

ಆದುದರಿಂದ ಮುಂದಿನ ಮಹಾಸಭೆಯಲ್ಲಿ ನಾನು ಈ ರೀತಿ ಸೂಚಿಸಲಿದ್ದೇನೆ. ಎಸ್ಪ್ರೆಸೊ ಯಂತ್ರವನ್ನು ಒಂದು ವರ್ಷ ಮುಂದಕ್ಕೆ ಹಾಕೋಣ, ಇಲ್ಲವೆ ಅರ್ಧ ಬೆಲೆಯದನ್ನು ತರೋಣ. ಉಳಿದ ಹಣದಲ್ಲಿ ಮೊದಲು ಒಂದು ಒಳ್ಳೆಯ ವಿದ್ಯುತ್ ಬೀಸುವ ಮಿಷನ್ನು, ಜೊತೆಗೆ ಒಂದು ಜೋಡಿ ಹೆಚ್ಚುವರಿ ಹಲ್ಲು, ನೂರು-ಇನ್ನೂರು ಗ್ರಾಂ ಹುರಿಯುವ ಸಣ್ಣ ಹುರಿಯಂತ್ರ. ಯಾವ ಸದಸ್ಯನೇ ಆಗಲಿ ತನ್ನ ತೋಟದ ಬೀಜ ತಂದರೆ ಹುರಿದು, ಬೀಸಿ, ಅವನಿಗೇ ಕುಡಿಸುವ ವ್ಯವಸ್ಥೆ ವಾರಕ್ಕೊಂದು ದಿನ ಇರಲಿ. ಕಾಫಿ ಮಂಡಳಿಯವರು ರುಚಿ ಪರೀಕ್ಷೆಯ ತರಬೇತಿ ನಡೆಸುತ್ತಾರೆ. ನಮ್ಮ ಹುಡುಗರಲ್ಲಿ ಇಬ್ಬರನ್ನು ಕಳುಹಿಸಿದರೆ ಆಯಿತು.

ನಾನು ಬರುವಾಗ ಒಂದು ಕೈ ಮಿಷನ್ನು ಕೊಂಡು ತಂದಿದ್ದೇನೆ, ಒಂಬತ್ತೂವರೆ ಸಾವಿರದ್ದು. ಮನೆಯವರು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಕಣದ ಮೂಲೆಗೆ ಸಿಮೆಂಟು ಹಾಕಿಸಿಯಾಯಿತು. ಮಹಾಸಭೆಯ ದಿನ ಮಿಷನ್ನನ್ನೂ, ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿರುವ ಆ ಬೆಣಚುಕಲ್ಲನ್ನೂ ತರುತ್ತೇನೆ. ಆಸಕ್ತರು ತಮ್ಮ ತೋಟದ ಕಾಲು ಕಿಲೋ ಬೀಜವನ್ನು ನಾಲ್ಕೈದು ದಿನ ಮೊದಲೇ ಹುರಿದು, ದಯವಿಟ್ಟು ತಟ್ಟೆಯಲ್ಲಿ ಹರಡಿ ಒಮ್ಮೆ ಕೈಯಾಡಿಸಿ ನೋಡಿ, ಆಮೇಲೆ ತರಬೇಕಾಗಿ ವಿನಂತಿ.